ಬುಷೆಲ್ ಕೆಳಗಿನ ದೀಪ: ಹೊಗಳಿಕೆಯಾಗಿಬಿಟ್ಟ ಒಂದು ಎಚ್ಚರಿಕೆ

ಪ್ರತಿಭೆಯಿದ್ದೂ ತೋರಿಸಿಕೊಳ್ಳದವರನ್ನು ಇಂಗ್ಲಿಷಿನಲ್ಲಿ ‘ದೀಪವನ್ನು ಬುಷೆಲ್ ಕೆಳಗೆ ಬಚ್ಚಿಟ್ಟವರು’ ಅನ್ನುತ್ತಾರೆ. ಬುಷೆಲ್ ಎಂದರೆ ಧಾನ್ಯ ಅಳೆಯುವ ಪಾತ್ರೆ. ನಮ್ಮ ‘ಎಲೆಮರೆಯ ಕಾಯಿ’ಗೆ ಹತ್ತಿರದ ಮಾತು, ಆದರೆ ಪೂರ್ತಿ ಒಂದೇ ಅಲ್ಲ. ಕಾಯಿಯನ್ನು ಎಲೆ ಮುಚ್ಚಿರುತ್ತದೆ, ಅದರಲ್ಲಿ ಕಾಯಿಯ ತಪ್ಪೇನಿಲ್ಲ. ದೀಪದ ಮೇಲೆ ಪಾತ್ರೆ ಬೋರಲು ಹಾಕುವವನು ಮಾತ್ರ ಹಚ್ಚಿದವನೇ. ಮೂಲದಲ್ಲಿ ಈ ಮಾತಿಗಿದ್ದದ್ದು ಎಚ್ಚರಿಕೆಯ ದನಿ.

ಮೂಲ ಎಂದರೆ ಬೈಬಲ್ಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ, 15ನೇ ವಚನ. ‘ನೀವು ಲೋಕಕ್ಕೆ ಬೆಳಕು’ ಎಂದು ಶಿಷ್ಯರಿಗೆ ಹೇಳಿದ ಯೇಸು, ದೀಪ ಹಚ್ಚಿದವರು ಅದನ್ನು ಕೊಳಗದ ಕೆಳಗಿಡುವುದಿಲ್ಲ, ಮನೆಯವರಿಗೆಲ್ಲ ಬೆಳಕಾಗಲೆಂದು ದೀಪಸ್ತಂಭದ ಮೇಲಿಡುತ್ತಾರೆ ಎನ್ನುತ್ತಾರೆ. ಅಂದಿನ ದೀಪವೆಂದರೆ ಅಂಗೈಯಲ್ಲಿ ಹಿಡಿಸುವ ಮಣ್ಣಿನ ಹಣತೆ, ಅದಕ್ಕೆ ಆಲಿವ್ ಎಣ್ಣೆ. ಗ್ರೀಕ್ ಪಠ್ಯದಲ್ಲಿರುವ ‘ಮೋದಿಯೋಸ್’ ರೋಮನ್ನರ ಧಾನ್ಯದ ಅಳತೆ, ಸುಮಾರು 8.7 ಲೀಟರು. ಅದನ್ನು ಹಣತೆಯ ಮೇಲೆ ಬೋರಲು ಹಾಕಿದರೆ ಬೆಳಕು ಮರೆಯಾಗುವುದು ಹಾಗಿರಲಿ, ಸ್ವಲ್ಪ ಹೊತ್ತಿಗೆ ಗಾಳಿಯಿಲ್ಲದೆ ದೀಪವೇ ಆರಿಹೋದೀತು.

14ನೇ ಶತಮಾನದ ಇಂಗ್ಲಿಷ್ ಅನುವಾದವಾದ ವಿಕ್ಲಿಫ್ ಬೈಬಲ್ ಈ ಅಳತೆಯನ್ನು ‘ಬುಷೆಲ್’ ಎಂದು ಕರೆಯಿತು. 1526ರಲ್ಲಿ ವಿಲಿಯಂ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದಲೇ ಇಂಗ್ಲಿಷಿಗೆ ತಂದು ಜರ್ಮನಿಯ ವೋರ್ಮ್ಸ್‌ನಲ್ಲಿ ಅಚ್ಚು ಹಾಕಿಸಿದಾಗಲೂ ಬುಷೆಲ್ಲೇ ಉಳಿಯಿತು. ಹಣತೆಯ ಜಾಗಕ್ಕೆ ಮೇಣದಬತ್ತಿ ಬಂತು. ಇಂಗ್ಲೆಂಡಿನ ಬುಷೆಲ್ ಸುಮಾರು 35 ಲೀಟರು, ಅಂದರೆ ಮೂಲದ ನಾಲ್ಕು ಪಟ್ಟು. ಅನುವಾದಕ್ಕೆ ಅಲ್ಲಿ ಅನುಮತಿ ಇರಲಿಲ್ಲವಾದ್ದರಿಂದ ಪ್ರತಿಗಳನ್ನು ಬಟ್ಟೆಯ ಮೂಟೆಗಳಲ್ಲಿ ಕದ್ದು ಸಾಗಿಸಿದರು. ಬೆಳಕನ್ನು ಮುಚ್ಚಿಡಬೇಡಿ ಎನ್ನುವ ಪುಸ್ತಕ ಊರು ಸೇರಿದ್ದು ಹಾಗೆ! ಟಿಂಡೇಲ್‌ಗೆ 1536ರಲ್ಲಿ ಮರಣದಂಡನೆಯಾಯಿತು. 1611ರ ಕಿಂಗ್ ಜೇಮ್ಸ್ ಬೈಬಲ್ ಕೂಡ ಬುಷೆಲ್ಲನ್ನೇ ಇಟ್ಟುಕೊಂಡಿತು, ಮಾತು ಚರ್ಚಿನಿಂದ ಮನೆಮಾತಿಗೆ ಇಳಿಯಿತು.

ಇಳಿಯುತ್ತ ಅರ್ಥವೂ ಜಾರಿತು. ಯೇಸು ಹೇಳಿದ್ದು ‘ನೀವು’ ಎಂದು, ಒಂದು ಗುಂಪಿಗೆ, ಅವರ ಒಳ್ಳೆಯ ನಡತೆಯ ಬಗ್ಗೆ. ಅದೀಗ ಒಬ್ಬೊಬ್ಬರ ಹಾಡುಗಾರಿಕೆ, ಅಡುಗೆ, ಲೆಕ್ಕದ ಜಾಣತನಕ್ಕೆ ಅಂಟಿಕೊಂಡಿದೆ. ಗದರಿಕೆಯ ಎಳೆ ಇನ್ನೂ ಉಳಿದಿದೆ, ನಿಜ. ಆದರೂ ‘ಇಷ್ಟು ದಿನ ಬುಷೆಲ್ ಕೆಳಗಿಟ್ಟಿದ್ದಿರಲ್ಲ!’ ಎಂದರೆ ಕೇಳಿದವರು ಬೀಗುತ್ತಾರೆಯೇ ಹೊರತು ಬೇಸರಿಸುವುದಿಲ್ಲ. ಮರೆಯಲ್ಲಿರುವುದನ್ನು ಹೀಗೆ ಮೆಚ್ಚುವುದಕ್ಕೂ ಬಹುಶಃ ಯೇಸುವಿನ ಅದೇ ಉಪದೇಶದಲ್ಲಿ ಆಧಾರ ಸಿಗುತ್ತದೆ. ಮುಂದಿನ ಅಧ್ಯಾಯದಲ್ಲೇ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತಿದೆ.

ಇನ್ನು ‘ಟ್ಯಾಲೆಂಟ್’. ಅದೂ ಮೊದಲು ತೂಕದ, ಹಣದ ಅಳತೆ. ಕೌಶಲ ಎಂಬ ಅರ್ಥ ಇಂಗ್ಲಿಷಿಗೆ ಬಂದದ್ದು ಮತ್ತಾಯನ 25ನೇ ಅಧ್ಯಾಯದ ಕಥೆಯಿಂದ. ಯಜಮಾನ ಊರು ಬಿಡುವಾಗ ಮೂವರು ಆಳುಗಳಿಗೆ ಐದು, ಎರಡು, ಒಂದು ಟ್ಯಾಲೆಂಟ್ ಕೊಡುತ್ತಾನೆ. ಮೊದಲಿಬ್ಬರು ದುಡಿಸಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ನೆಲ ಅಗೆದು ಹೂತಿಡುತ್ತಾನೆ. ಯಾಕೆಂದು ಕೇಳಿದಾಗ ಅವನು ಕೊಡುವ ಕಾರಣ ಭಯ. ಯಜಮಾನ ಆ ಒಂದನ್ನೂ ಕಿತ್ತು, ಹತ್ತು ಇದ್ದವನಿಗೆ ಕೊಟ್ಟು, ಇವನನ್ನು ಹೊರಗಿನ ಕತ್ತಲೆಗೆ ದಬ್ಬಿಸುತ್ತಾನೆ.