ಕತ್ತಲೆ ಕಂಡ ಕೂಡಲೇ ಡೈ ಸುರಿಯಬೇಡಿ

ರಾತ್ರಿ ಒಂಬತ್ತರ ಮೇಲೆ ನನಗೆ ಬರುವ ಫೋನುಗಳಲ್ಲಿ ಅರ್ಧದಷ್ಟು ಒಂದೇ ಮಾತಿನಿಂದ ಶುರುವಾಗುತ್ತವೆ: "ಸರ್, ಸಿಗ್ನಲ್ ಹೋಯ್ತು." ಲೇಸರ್ ಮೈಕ್ರೋಸ್ಕೋಪ್ ನೋಡಿಕೊಳ್ಳುವವನು ನಾನು. ಸಿಗ್ನಲ್ ಹೋದರೆ ನನ್ನನ್ನೇ ಕೇಳಬೇಕು, ಸರಿ. ಆದರೆ ಫೋನ್ ಮಾಡುವ ಹೊತ್ತಿಗೆ ಈ ವಿದ್ಯಾರ್ಥಿ ಮಕ್ಕಳು ಎರಡು ಕೆಲಸ ಮುಗಿಸಿರುತ್ತಾರೆ. ಕೋಶಕ್ಕೆ ಹಾಕುವ ಬಣ್ಣ, ಅಂದರೆ ಡೈ, ಇನ್ನಷ್ಟು ಸುರಿದಿರುತ್ತಾರೆ. ಲೇಸರ್ ಪವರ್ ಏರಿಸಿರುತ್ತಾರೆ. ನಾನು ಹೋಗಿ ನೋಡಿದರೆ ಅಲ್ಲಿ ಕೋಶವೇ ಇರುವುದಿಲ್ಲ.

ಇದು ಸೆಕೆಂಡ್ ಹಾರ್ಮೋನಿಕ್‌ನ ಮಾತು. ಲ್ಯಾಬ್‌ನಲ್ಲಿ ಎಸ್‌ಎಚ್‌ಜಿ ಅನ್ನುತ್ತೇವೆ. 900 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಒಳಗೆ ಹೋಗುತ್ತದೆ, ಸರಿಯಾಗಿ ಅರ್ಧ, 450 ಆಗಿ ಹೊರಗೆ ಬರುತ್ತದೆ. ಲೇಸರ್ ಸೆಕೆಂಡಿಗೆ ಸುಮಾರು 8 ಕೋಟಿ ಸಲ ಯಾಕೆ ಮಿಣುಕಬೇಕು, ಒಂದೊಂದು ಮಿಣುಕೂ 100 ಫೆಮ್ಟೋಸೆಕೆಂಡ್ ಆಸುಪಾಸು ಯಾಕಿರಬೇಕು ಎನ್ನುವುದು ಎಲ್ಲರಿಗೂ ಬಾಯಿಪಾಠ. ತಲೆಗೆ ಹೋಗದಿರುವುದು ಒಂದೇ: ಕತ್ತಲೆ ಅಂದರೆ ಏನು?

ಫ್ಲೋರೊಸೆನ್ಸ್‌ನಲ್ಲಿ ಲೆಕ್ಕ ಹೆಚ್ಚುಕಡಿಮೆ ಸಲೀಸು. ಅಲ್ಲಿ ಡೈ ಬೆಳಕು ಹೀರಿಕೊಂಡು ತಾನೇ ಹೊಳೆಯುತ್ತದೆ. ಡೈ ಇದ್ದಲ್ಲಿ ಬೆಳಕು, ಇಲ್ಲದಲ್ಲಿ ಕತ್ತಲೆ. ಸಂತೆಯ ಗದ್ದಲದ ಹಾಗೆ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ಕೂಗುತ್ತಾರೆ, ಜನ ಜಾಸ್ತಿಯಾದಷ್ಟೂ ಸದ್ದು ಜಾಸ್ತಿ. ಎಸ್‌ಎಚ್‌ಜಿ ಸಂತೆಯಲ್ಲ, ಹಗ್ಗಜಗ್ಗಾಟ. ಎಲ್ಲ ಅಣುಗಳೂ ಒಂದೇ ಕಡೆ ಎಳೆದರೆ, ಅಣು ಎರಡು ಪಟ್ಟಾದಾಗ ಬೆಳಕು ನಾಲ್ಕು ಪಟ್ಟಾಗುತ್ತದೆ. ಹತ್ತು ಜನ ಆ ಕಡೆ, ಹತ್ತು ಜನ ಈ ಕಡೆ ಎಳೆದರೆ ಹಗ್ಗ ಅಲ್ಲಾಡುವುದಿಲ್ಲ. ಹಾಗಂತ ಮೈದಾನದಲ್ಲಿ ಯಾರೂ ಇಲ್ಲ ಅಂತಲ್ಲ, ಅಲ್ವಾ?

ಇದನ್ನೇ ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ತಲೆಯಾಡಿಸಿ ಹೋದವರೇ ಮರುದಿನ ಫೋನ್ ಮಾಡುತ್ತಾರೆ. ನಾವು ಬಳಸುವ ಅನೆಪ್ಸ್ ಜಾತಿಯ ಡೈ ಅಣು ಉದ್ದಕ್ಕಿದೆ. ಒಂದು ತುದಿ ಎಲೆಕ್ಟ್ರಾನ್ ಕೊಡುತ್ತದೆ, ಇನ್ನೊಂದು ಎಳೆದುಕೊಳ್ಳುತ್ತದೆ. ಬೆಳಕು ಬಂದು ಅಲುಗಿಸಿದಾಗ ಎಲೆಕ್ಟ್ರಾನ್‌ಗಳು ಒಂದು ಕಡೆ ಸುಲಭವಾಗಿ ಓಡುತ್ತವೆ, ಇನ್ನೊಂದು ಕಡೆ ಕಷ್ಟಪಡುತ್ತವೆ. ಈ ಓರೆಯಿಂದಲೇ ಅರ್ಧ ಅಲೆಯುದ್ದದ ಬೆಳಕು ಹುಟ್ಟುವುದು. ಅಣುವನ್ನು ತಲೆಕೆಳಗು ಮಾಡಿ, ಓರೆಯೂ ತಲೆಕೆಳಗಾಗುತ್ತದೆ. ಆಗ ಹುಟ್ಟುವ ಅಲೆಯಲ್ಲಿ ಏರು ಇದ್ದಲ್ಲಿ ಇಳಿವು. ಕೋಶದ ಪೊರೆಯ ದಪ್ಪ 4ರಿಂದ 5 ನ್ಯಾನೋಮೀಟರ್. 450 ನ್ಯಾನೋಮೀಟರ್‌ನ ಬೆಳಕಿಗೆ ಪೊರೆಯ ಎರಡು ಪದರಗಳೂ ಒಂದೇ ಜಾಗ. ಹೊರಪದರದಲ್ಲಿ ಮಾತ್ರ ಡೈ ನಿಂತಿದ್ದರೆ ಬೆಳಕು. ಅರ್ಧದಷ್ಟು ಅಣುಗಳು ಮಗುಚಿ ಒಳಪದರ ಸೇರಿದರೆ ಕತ್ತಲೆ. ಡೈ ಒಂದು ಚೂರೂ ಕಡಿಮೆಯಾಗಿರುವುದಿಲ್ಲ.

ಇಂಥ ಕಡೆ ಇನ್ನಷ್ಟು ಡೈ ಹಾಕಿ ಏನು ಪ್ರಯೋಜನ? ಅದೂ ಕಾಲಕ್ರಮೇಣ ಒಳಗೆ ಮಗುಚುತ್ತದೆ, ಕೋಶಕ್ಕೆ ವಿಷವೂ ಆಗಬಹುದು. ಡೈ-4-ಅನೆಪ್ಸ್ ಬದಲು ಬಾಲ ಉದ್ದವಿರುವ ಡೈ-8-ಅನೆಪ್ಸ್ ಹಾಕಿ, ಹೊರಗೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಹೋದ ವರ್ಷ ಒಬ್ಬ ಹುಡುಗಿ ಕೊಬ್ಬಿನ ಪೊರೆಯ ದೊಡ್ಡ ಗುಳ್ಳೆಗಳ ಚಿತ್ರ ತಂದಳು. ನಾವು ಜಿಯುವಿ ಅನ್ನುವುದು ಇದಕ್ಕೇ. ಎರಡು ಗುಳ್ಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತಲೂ ಒಳ್ಳೆ ಬೆಳಕು, ಅಂಟಿಕೊಂಡ ಜಾಗದಲ್ಲಿ ಕಗ್ಗತ್ತಲು. "ಇಲ್ಲಿ ಪೊರೆ ಹರಿದಿದೆ ಸರ್," ಅಂದಳು, ಬಾಣದ ಗುರುತು ಕೂಡ ಹಾಕಿದ್ದಳು. ಅದೇ ಜಾಗದ ಫ್ಲೋರೊಸೆನ್ಸ್ ಚಿತ್ರ ತೆಗೆಸಿದೆ. ಅಲ್ಲಿ ಎರಡು ಪಟ್ಟು ಬೆಳಕು! ಎರಡು ಪೊರೆ, ಎರಡರ ಡೈಯೂ ಎದುರುಬದುರು. ಹರಿದಿದ್ದು ಏನೂ ಇಲ್ಲ. ಅವಳು ಚಿತ್ರವನ್ನು ಸುಮಾರು ಹೊತ್ತು ನೋಡಿ ಬಾಣ ಅಳಿಸಿದಳು.

ಬಾಣ ಅಂದಾಗ ನೆನಪಾಯಿತು. 1961ರಲ್ಲಿ ಮಿಶಿಗನ್‌ನಲ್ಲಿ ಪೀಟರ್ ಫ್ರಾಂಕೆನ್ ಮತ್ತು ಜೊತೆಗಾರರು ರೂಬಿ ಲೇಸರ್ ಬೆಳಕನ್ನು ಕ್ವಾರ್ಟ್ಜ್ ಹರಳಿನೊಳಗೆ ಬಿಟ್ಟು ಮೊದಲ ಸಲ ಎಸ್‌ಎಚ್‌ಜಿ ಹಿಡಿದರು. 694 ಹೋಗಿ 347 ಬಂತು. ಪತ್ರಿಕೆಯಲ್ಲಿ ಅಚ್ಚಾದ ಚಿತ್ರದಲ್ಲಿ ಬಾಣ ಇದೆ, ಅದು ತೋರಿಸುವ ಚುಕ್ಕೆ ಇಲ್ಲ. ಯಾರೋ ಕೊಳೆ ಅಂದುಕೊಂಡು ಒರೆಸಿಬಿಟ್ಟರು ಅನ್ನುತ್ತಾರೆ. ನಮ್ಮ ಕಸುಬು ಶುರುವಾಗಿದ್ದೇ ಹೀಗೆ.

ಕತ್ತಲೆ ಉಪಕಾರಕ್ಕೂ ಬರುತ್ತದೆ. ಜೀವಂತ ಕೋಶ ಹೊರಪೊರೆಯ ಚೂರುಗಳನ್ನು ಪುಟ್ಟ ಚೀಲ ಮಾಡಿ ಒಳಗೆ ನುಂಗುತ್ತಿರುತ್ತದೆ, ಅದರ ಜೊತೆ ಡೈಯೂ ಹೋಗುತ್ತದೆ. ಫ್ಲೋರೊಸೆನ್ಸ್‌ನಲ್ಲಿ ಒಳಗೆಲ್ಲ ಚುಕ್ಕೆ ಚುಕ್ಕೆ, ಗಲೀಜು. ಎಸ್‌ಎಚ್‌ಜಿಯಲ್ಲಿ ಆ ಚೀಲಗಳು ಬಹುಮಟ್ಟಿಗೆ ಕಾಣುವುದೇ ಇಲ್ಲ. ಅಲೆಯುದ್ದಕ್ಕಿಂತ ತೀರ ಚಿಕ್ಕ ಚೀಲದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ಮುಖ ಮಾಡಿ ಎಳೆದಾಟ ಸಮವಾಗಿಬಿಡುತ್ತದೆ. ಹೊರಪೊರೆ ಮಾತ್ರ ಸ್ವಚ್ಛವಾಗಿ ಉಳಿಯುತ್ತದೆ. ಇದಕ್ಕೋಸ್ಕರವೇ ನಾನು ಈ ತಂತ್ರವನ್ನು ಬಿಡಲಾರೆ.

ಆದ್ದರಿಂದ ಎಸ್‌ಎಚ್‌ಜಿ, ಫ್ಲೋರೊಸೆನ್ಸ್ ಎರಡೂ ಚಾನೆಲ್ ಒಟ್ಟಿಗೆ ತೆಗೆಯಿರಿ. ಎರಡೂ ಮಂಕಾದರೆ ಡೈ ಸುಟ್ಟಿರಬಹುದು, ತೊಳೆದುಹೋಗಿರಬಹುದು. ಎಸ್‌ಎಚ್‌ಜಿ ಮಾತ್ರ ಹೋಗಿದ್ದರೆ ಅಣುಗಳ ನಿಲುವನ್ನು ಅನುಮಾನಿಸಿ. ಇದೂ ನೂರಕ್ಕೆ ನೂರು ಅಲ್ಲ. ಗುಳ್ಳೆಯ ಎಡಬಲ ಬೆಳಗಿ ಮೇಲೆ ಕೆಳಗೆ ಕತ್ತಲಿದ್ದರೆ ಅದು ಲೇಸರ್‌ನ ಪೋಲರೈಸೇಶನ್ ಆಟ, ಅಂದರೆ ಬೆಳಕಿನ ಅಲೆ ಯಾವ ದಿಕ್ಕಿಗೆ ಅಲುಗುತ್ತದೆ ಅನ್ನುವುದರ ಆಟ. ಆ ದಿಕ್ಕು ಬದಲಿಸುವ ಹಾಫ್-ವೇವ್ ಪ್ಲೇಟ್ 45 ಡಿಗ್ರಿ ತಿರುಗಿಸಿ, ಬೆಳಕು ಎಡಬಲದಿಂದ ಮೇಲೆ ಕೆಳಗೆ ಬರುತ್ತದೆ. ಫ್ಲೋರೊಸೆನ್ಸ್ ಕೂಡ ಅಲ್ಲಿ ಸ್ವಲ್ಪ ಮಂಕಾಗುತ್ತದೆ, ಗಾಬರಿ ಬೇಡ.

ಮೊನ್ನೆ ಅದೇ ಹುಡುಗಿಯ ಫೋನ್, ರಾತ್ರಿ ಹತ್ತೂವರೆಗೆ. "ಸರ್, ಎಸ್‌ಎಚ್‌ಜಿ ಇಲ್ಲ. ಫ್ಲೋರೊಸೆನ್ಸ್ ಇದೆ. ಡೈ ಈಗಷ್ಟೇ ಹಾಕಿದ್ದು, ಮಗುಚಿರಲಿಕ್ಕಿಲ್ಲ. ಪ್ಲೇಟೂ ತಿರುಗಿಸಿದೆ. ಡೈ ಜಾಸ್ತಿ ಹಾಕಿಲ್ಲ."

ನನಗೆ ಖುಷಿಯಾಯಿತು. ಎಸ್‌ಎಚ್‌ಜಿ ಬೆಳಕು ಹೆಚ್ಚಾಗಿ ಮುಂದಕ್ಕೆ, ಸ್ವಲ್ಪ ಅಗಲಿಸಿಕೊಂಡು ಹೋಗುತ್ತದೆ. ಅದನ್ನು ಹಿಡಿಯುವುದು ಸ್ಯಾಂಪಲ್ಲಿನ ಆಚೆ ಬದಿಯ ಕಂಡೆನ್ಸರ್ ಲೆನ್ಸ್. ನಡುವೆ ಎಣ್ಣೆ ಇದ್ದರೆ ಮಾತ್ರ ಅಗಲಿಸಿದ ಬೆಳಕು ಅದಕ್ಕೆ ಸರಿಯಾಗಿ ಸಿಗುತ್ತದೆ.

"ಕಂಡೆನ್ಸರ್‌ಗೆ ಎಣ್ಣೆ ಹಾಕಿದ್ದೀಯಾ?"

ಆ ಕಡೆ ಸ್ವಲ್ಪ ಹೊತ್ತು ಮೌನ.

"ಹಾಕ್ತೀನಿ ಸರ್."