ಟ್ಯಾಗ್ ಒಂದೇ, ಬಿಲ್ ಮಾತ್ರ ಏರ್ತಾ ಇದೆ. ಯಾಕೆ?

ಸಾಗರದ ಓದುಗರೊಬ್ಬರ ಪ್ರಶ್ನೆ: “ನಾನು ಯಾವಾಗಲೂ ‘ಲೇಟೆಸ್ಟ್’ ಅಂತಲೇ ಪುಶ್ ಮಾಡೋದು. ಅಂದ್ರೆ ರಿಜಿಸ್ಟ್ರಿಯಲ್ಲಿ ಇಮೇಜ್ ಒಂದೇ ಇರಬೇಕಲ್ವಾ? ಹಾಗಿದ್ರೆ ಸ್ಟೋರೇಜ್ ಬಿಲ್ ಯಾಕೆ ತಿಂಗಳು ತಿಂಗಳೂ ಏರುತ್ತೆ?”

ಮತ್ತೆ ಇದೇ ಪ್ರಶ್ನೆ! ಶಿವಮೊಗ್ಗ, ತೀರ್ಥಹಳ್ಳಿ ಕಡೆ ಮನೆಯಿಂದ ಕೆಲಸ ಮಾಡುವವರು ಬಿಲ್ ಬಂದ ಕೂಡಲೇ ಕೇಳೋದು ಇದನ್ನೇ. ಹೊಸಬರಿಗೆ ಒಂದು ಮಾತು: ಇಮೇಜ್ ಅಂದ್ರೆ ಆ್ಯಪ್ ಮತ್ತು ಅದು ಓಡಲು ಬೇಕಾದ್ದನ್ನು ಸೇರಿಸಿ ಕಟ್ಟಿದ ಕಂಟೇನರ್ ಪೊಟ್ಟಣ, ರಿಜಿಸ್ಟ್ರಿ ಅಂದ್ರೆ ಅದನ್ನಿಡುವ ಆನ್‌ಲೈನ್ ಗೋದಾಮು, ಪುಶ್ ಅಂದ್ರೆ ಅಲ್ಲಿಗೆ ಕಳಿಸೋದು, ‘ಲೇಟೆಸ್ಟ್’ ಅನ್ನೋದು ಅದಕ್ಕೆ ಹಚ್ಚುವ ಟ್ಯಾಗ್.

ಹೊಸದನ್ನು ಪುಶ್ ಮಾಡಿದರೆ ಹಳೆಯದು ಅಳಿಸಿ ಹೋಗುತ್ತೆ ಅನ್ನೋದು ಶುದ್ಧ ಸುಳ್ಳು. ಟ್ಯಾಗ್ ಅಂದ್ರೆ ಬರೀ ಚೀಟಿ. ಮಂಡಿಯ ಗೋದಾಮಿನಲ್ಲಿ ಅಡಿಕೆ ಚೀಲದ ಚೀಟಿ ಕಿತ್ತು ಹೊಸ ಚೀಲಕ್ಕೆ ಅಂಟಿಸಿದರೆ ಹಳೆ ಚೀಲ ಮಾಯವಾಗುತ್ತಾ? ಅಲ್ಲೇ ಕೂತಿರುತ್ತೆ, ಬಾಡಿಗೆ ಓಡ್ತಾನೇ ಇರುತ್ತೆ. ಇಮೇಜಿನ ನಿಜವಾದ ಗುರುತು ಡೈಜೆಸ್ಟ್, ‘ಶಾ256’ ಅಂತ ಶುರುವಾಗುವ ಆ ಉದ್ದನೆಯ ಸಾಲು. ಒಳಗೆ ಒಂದು ಅಕ್ಷರ ಬದಲಾದರೂ ಡೈಜೆಸ್ಟ್ ಬೇರೆ. ಹಳೆಯದು ಟ್ಯಾಗ್ ಕಳೆದುಕೊಂಡು ಹಾಗೇ ಉಳಿಯುತ್ತೆ. ನಂಬಿಕೆ ಬರದಿದ್ದರೆ ರಿಜಿಸ್ಟ್ರಿ ತೆರೆದು ಟ್ಯಾಗ್ ಇಲ್ಲದ ಸಾಲುಗಳನ್ನು ಎಣಿಸಿ.

ಅಮೆಜಾನ್‌ನ ರಿಜಿಸ್ಟ್ರಿ ಇಸಿಆರ್‌ನ ಪ್ರೈವೇಟ್ ರಿಪಾಸಿಟರಿಯಲ್ಲಿ (ಇಮೇಜ್‌ಗಳನ್ನಿಡುವ ಖಾಸಗಿ ಜಾಗ) ಜಿಬಿಗೆ ತಿಂಗಳಿಗೆ 0.10 ಡಾಲರ್. ಒಂದೇ ರಿಪಾಸಿಟರಿಯಲ್ಲಿ ಬದಲಾಗದ ಲೇಯರ್ (ಇಮೇಜ್ ಇಂಥ ಪದರಗಳಿಂದಲೇ ಆಗಿರುತ್ತೆ) ಒಮ್ಮೆ ಮಾತ್ರ ಲೆಕ್ಕಕ್ಕೆ ಬರುತ್ತೆ, ಅದು ಪುಣ್ಯ. ಆದರೆ ಪ್ರತಿ ಪುಶ್‌ಗೆ 300 ಎಂಬಿ ಹೊಸ ಲೇಯರ್, ದಿನಕ್ಕೆ ಎರಡು ಪುಶ್ ಅಂತಿಟ್ಟುಕೊಳ್ಳಿ. ತಿಂಗಳಿಗೆ 18 ಜಿಬಿ. ವರ್ಷ ತುಂಬುವಾಗ ಸುಮಾರು 220 ಜಿಬಿ, ಅಂದ್ರೆ ತಿಂಗಳಿಗೆ 22 ಡಾಲರ್. ಚೀಟಿ ಇನ್ನೂ ಒಂದೇ!

ಪರಿಹಾರ ಸುಲಭ. ‘ಟ್ಯಾಗ್ ಇಲ್ಲದ್ದನ್ನು, ಪುಶ್ ಆಗಿ 7 ದಿನ ಕಳೆದ ಮೇಲೆ ತೆಗೆದುಹಾಕು’ ಅಂತ ಲೈಫ್‌ಸೈಕಲ್ ಪಾಲಿಸಿ (ತಾನಾಗಿ ಅಳಿಸುವ ನಿಯಮ) ಹಾಕಿ. ಏನೇನು ಅಳಿಯುತ್ತೆ ಅಂತ ಮೊದಲು ಪ್ರಿವ್ಯೂ ನೋಡಿ. ವಾಪಸ್ ಹೋಗಲು ಬೇಕಾಗಬಹುದಾದ ಇಮೇಜ್‌ಗೆ ವರ್ಷನ್ ಟ್ಯಾಗ್ ಕೊಟ್ಟಿರಿ.

ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ಜಾಸ್ತಿ ದುಡ್ಡು ಹೋಗೋದು ಎಷ್ಟೋ ಸಲ ಸ್ಟೋರೇಜಿಗಲ್ಲ, ಪುಲ್‌ಗೆ, ಅಂದ್ರೆ ಇಮೇಜನ್ನು ರಿಜಿಸ್ಟ್ರಿಯಿಂದ ಇಳಿಸಿಕೊಳ್ಳೋದಕ್ಕೆ. ರಿಜಿಸ್ಟ್ರಿ ಇರುವ ರೀಜನ್‌ನಲ್ಲೇ (ಅಮೆಜಾನ್ ಡೇಟಾ ಸೆಂಟರ್‌ಗಳ ವಲಯ) ನಿಮ್ಮ ಅಮೆಜಾನ್ ಸರ್ವರ್ ಇದ್ದರೆ ಇಸಿಆರ್ ಡೇಟಾಕ್ಕೆ ದುಡ್ಡು ತಗೊಳ್ಳಲ್ಲ. ಸಾಗರದ ನಿಮ್ಮ ಲ್ಯಾಪ್‌ಟಾಪ್‌ಗೆ ಎಳೆದರೆ ಅದು ಇಂಟರ್ನೆಟ್ಟಿಗೆ ಹೋದ ಡೇಟಾ, ಫ್ರೀ ಮಿತಿ ದಾಟಿದರೆ ಜಿಬಿ ಲೆಕ್ಕದಲ್ಲಿ ಕಾಸು. ಇನ್ನೊಂದು ಕಳ್ಳದಾರಿ ಇದೆ. ಸರ್ವರ್ ಪ್ರೈವೇಟ್ ಸಬ್‌ನೆಟ್‌ನಲ್ಲಿದ್ದು (ಇಂಟರ್ನೆಟ್ಟಿಗೆ ನೇರ ದಾರಿ ಇಲ್ಲದ ಒಳಜಾಲ) ನ್ಯಾಟ್ ಗೇಟ್‌ವೇ (ಆ ಒಳಜಾಲದಿಂದ ಹೊರಹೋಗುವ ಬಾಗಿಲು) ಮೂಲಕ ಪುಲ್ ಮಾಡಿದರೆ ಪ್ರತಿ ಜಿಬಿಗೂ ನ್ಯಾಟ್ ಚಾರ್ಜ್ ಬೀಳುತ್ತೆ. ಅದು ಬಿಲ್ಲಿನ ಬೇರೆ ಸಾಲಿನಲ್ಲಿ ಇರೋದರಿಂದ ಯಾರಿಗೂ ರಿಜಿಸ್ಟ್ರಿ ಮೇಲೆ ಅನುಮಾನ ಬರಲ್ಲ. ಇಸಿಆರ್ ಲೇಯರ್‌ಗಳು ಬರೋದು ಅಮೆಜಾನ್‌ನ ಫೈಲ್ ಸಂಗ್ರಹವಾದ ಎಸ್3ಯಿಂದ. ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ (ಒಳಗಿಂದೊಳಗೇ ಎಸ್3 ತಲುಪುವ ದಾರಿ) ಹಾಕಿ ಆ ಸಬ್‌ನೆಟ್ಟಿನ ರೂಟ್ ಟೇಬಲ್‌ಗೆ (ಯಾವ ಡೇಟಾ ಯಾವ ದಾರಿ ಅನ್ನೋ ಪಟ್ಟಿ) ಸೇರಿಸಿದರೆ ಲೇಯರ್‌ಗಳು ನ್ಯಾಟ್ ಮುಟ್ಟದೇ ಬರುತ್ತವೆ. ಆ ಎಂಡ್‌ಪಾಯಿಂಟ್‌ಗೆ ಚಾರ್ಜೇ ಇಲ್ಲ.