ಡಿಫರ್ ಆದ ಮೇಲ್‌ಗೆ ಎಷ್ಟು ಹೊತ್ತಿಗೊಮ್ಮೆ ಮರುಯತ್ನ?

ಮೇಲ್ ಸರ್ವರ್ ತಂತ್ರಾಂಶ ಪೋಸ್ಟ್‌ಫಿಕ್ಸ್‌ನ ಲಾಗ್‌ನಲ್ಲಿ 'ಡಿಫರ್ಡ್' (ಸದ್ಯಕ್ಕೆ ತಲುಪಿಸಲಾಗದೆ ಮುಂದೂಡಿದ್ದು) ಎಂಬ ಸಾಲುಗಳು ಸಾಲಾಗಿ ಕಂಡರೆ ಮರುಯತ್ನದ ಅಂತರವನ್ನು ತಗ್ಗಿಸಲು ಕೈ ತುರಿಸುತ್ತದೆ. ಮೊದಲು ಆ ಸಾಲಿನ ಕೋಡ್ ಓದಿ. 4ರಿಂದ ಶುರುವಾದರೆ ಅಡ್ಡಿ ತಾತ್ಕಾಲಿಕ. ಪೋಸ್ಟ್‌ಫಿಕ್ಸ್ ಮೇಲನ್ನು ಕ್ಯೂನಲ್ಲಿಟ್ಟು ಮತ್ತೆ ಯತ್ನಿಸುತ್ತದೆ. 5ರಿಂದ ಶುರುವಾದರೆ ಮರುಯತ್ನವೇ ಇಲ್ಲ, ಕಳಿಸಿದವರಿಗೆ ಬೌನ್ಸ್ (ಮೇಲ್ ತಲುಪಲಿಲ್ಲ ಎಂಬ ವಾಪಸು ಸಂದೇಶ) ಹೋಗುತ್ತದೆ. ಎಲ್ಲ ಡೊಮೇನ್‌ಗಳಿಗೆ ಹೊರಟ ಮೇಲ್ ಒಟ್ಟಿಗೇ ಡಿಫರ್ ಆಗುತ್ತಿದ್ದರೆ ನಿಮ್ಮದೇ ಡಿಎನ್‌ಎಸ್ ರಿಸಾಲ್ವರ್ (ಡೊಮೇನ್ ಹೆಸರಿನ ವಿಳಾಸ ಹುಡುಕಿಕೊಡುವ ಸೇವೆ) ಅಥವಾ ಮೇಲ್ ಹೊರಹೋಗುವ 25ನೇ ಪೋರ್ಟ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಅಂತರ ಬದಲಿಸಿ ಅದನ್ನು ಸರಿಪಡಿಸಲಾಗದು.

ಪೋಸ್ಟ್‌ಫಿಕ್ಸ್ 300 ಸೆಕೆಂಡಿಗೊಮ್ಮೆ ಡಿಫರ್ಡ್ ಕ್ಯೂ ತಡಕುತ್ತದೆ. ಇದು 'ಕ್ಯೂ ರನ್ ಡಿಲೇ'. ಆದರೆ ಸಿಕ್ಕ ಮೇಲನ್ನೆಲ್ಲ ಕಳಿಸುವುದಿಲ್ಲ. ಮೇಲ್ ಬಂದು ಎಷ್ಟು ಹೊತ್ತಾಗಿದೆಯೋ ಸುಮಾರು ಅಷ್ಟೇ ಹೊತ್ತು ಮುಂದಕ್ಕೆ ಹಾಕುತ್ತದೆ. ಈ ಅಂತರವೇ ಬ್ಯಾಕ್‌ಆಫ್: ಕನಿಷ್ಠ 300 ಸೆಕೆಂಡು, ಗರಿಷ್ಠ 4000 ಸೆಕೆಂಡು. ಹಾಗಾಗಿ ಮೊದಲ ಯತ್ನಗಳು 5, 10, 20, 40 ನಿಮಿಷದ ಆಸುಪಾಸಿಗೆ ಬೀಳುತ್ತವೆ, ಆಮೇಲೆ ಗಂಟೆಗೊಂದು ಎನ್ನುವಷ್ಟು ವಿರಳ. ಗ್ರೇಲಿಸ್ಟಿಂಗ್ ಮಾಡುವ (ಅಪರಿಚಿತರ ಮೇಲನ್ನು ಮೊದಲು ತಡೆದು, ಮತ್ತೆ ಬಂದಾಗ ಸ್ವೀಕರಿಸುವ) ಸರ್ವರ್‌ಗಳು ಹಲವು ಸಲ ಐದು ನಿಮಿಷ ಕಾಯಿಸುತ್ತವೆ, ಅದಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಕನಿಷ್ಠವನ್ನು 60 ಸೆಕೆಂಡಿಗೆ ಇಳಿಸಿ ಕ್ಯೂ ತಡಕುವ ಅವಧಿಯನ್ನು 300ರಲ್ಲೇ ಬಿಟ್ಟರೆ ಏನೂ ಆಗದು. ತಡಕಿದಾಗಷ್ಟೇ ಮೇಲ್ ಕಣ್ಣಿಗೆ ಬೀಳುವುದು. ಎರಡನ್ನೂ ಇಳಿಸಿದರೆ, ನಿಧಾನವಾಗಿ ಕಳಿಸಿ ಎಂದು ಹೇಳುತ್ತಿರುವ ದೊಡ್ಡ ಮೇಲ್ ಸೇವೆಗಳು ಇನ್ನಷ್ಟು ಬಿಗಿಯಾಗುತ್ತವೆ.

ಸೆಟ್ಟಿಂಗ್‌ಗಳಲ್ಲಿ ಘಟಕ ಬರೆಯದೆ ಬರೀ ಅಂಕಿ ಹಾಕುವುದೂ ಅಪಾಯ. ಬ್ಯಾಕ್‌ಆಫ್ ಸಾಲಿನಲ್ಲಿ 10 ಎಂದರೆ ಸೆಕೆಂಡು, ಕ್ಯೂ ಆಯಸ್ಸಿನ ಸಾಲಿನಲ್ಲಿ ಅದೇ 10 ಎಂದರೆ ದಿನ! ಎಸ್, ಎಂ, ಎಚ್, ಡಿ (ಸೆಕೆಂಡು, ನಿಮಿಷ, ಗಂಟೆ, ದಿನ) ಅಕ್ಷರ ಸೇರಿಸಿಯೇ ಬರೆಯಿರಿ, 'ಪೋಸ್ಟ್‌ಫಿಕ್ಸ್ ರಿಲೋಡ್' ಕೊಡಿ.

'ಮ್ಯಾಕ್ಸಿಮಲ್ ಕ್ಯೂ ಲೈಫ್‌ಟೈಮ್', ಅಂದರೆ ಮೇಲ್ ಕ್ಯೂನಲ್ಲಿ ಉಳಿಯುವ ಗರಿಷ್ಠ ಅವಧಿ, ಮೂಲದಲ್ಲಿ 5 ದಿನ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯೂ ಕೈಬಿಡುವ ಮುನ್ನ ನಾಲ್ಕೈದು ದಿನ ಕಾಯಿರಿ ಎನ್ನುತ್ತದೆ. ಕಚೇರಿಯ ಮೇಲ್‌ಗೆ ಇದನ್ನು ಮುಟ್ಟಬೇಡಿ. ಬದಲಿಗೆ 'ಡಿಲೇ ವಾರ್ನಿಂಗ್ ಟೈಮ್' ಅನ್ನು 4 ಗಂಟೆಗೆ ಇಡಿ; ಮೂಲದಲ್ಲಿ ಅದು ಸೊನ್ನೆ, ಅಂದರೆ ಕಳಿಸಿದವರಿಗೆ ಸುದ್ದಿ ಸಿಗುವುದು ಐದನೇ ದಿನ. 'ಬೌನ್ಸ್ ಕ್ಯೂ ಲೈಫ್‌ಟೈಮ್' ಮಾತ್ರ ಒಂದು ದಿನ ಸಾಕು, ಸ್ಪ್ಯಾಮ್‌ನ ಸುಳ್ಳು ವಿಳಾಸಗಳಿಗೆ ಹೊರಟ ಬೌನ್ಸ್‌ಗಳೇ ಅಲ್ಲಿ ಕೊಳೆಯುವುದು. ಓಟಿಪಿ ಮೇಲ್‌ನ ಕತೆ ಬೇರೆ: ಹತ್ತು ನಿಮಿಷದ ಸಂಖ್ಯೆ ನಾಳೆ ತಲುಪಿ ಏನು ಪ್ರಯೋಜನ? ಈ ಅವಧಿಗಳು ಇಡೀ ಕ್ಯೂಗೆ ಅನ್ವಯಿಸುವುದರಿಂದ ಅದಕ್ಕೆ ಪ್ರತ್ಯೇಕ ಪೋಸ್ಟ್‌ಫಿಕ್ಸ್ ಇನ್‌ಸ್ಟನ್ಸ್ (ತನ್ನದೇ ಕ್ಯೂ ಇರುವ ಇನ್ನೊಂದು ಪ್ರತಿ) ಬೇಕು.

ಸರ್ವರ್ ಬದಲಿಸುವಾಗ 'ಸಾಫ್ಟ್ ಬೌನ್ಸ್' ಹಾಕಿ ತೆಗೆಯಲು ಮರೆತರೆ ಎಲ್ಲ 5 ಕೋಡ್‌ಗಳೂ 4 ಆಗಿ, ತಪ್ಪು ವಿಳಾಸದ ಮೇಲ್ ಕೂಡ ಐದು ದಿನ ಸುತ್ತುತ್ತಿರುತ್ತದೆ. ಕ್ಯೂ ಉಬ್ಬಿದಾಗ 'ಕ್ಯೂಶೇಪ್ ಡಿಫರ್ಡ್' ಓಡಿಸಿ, ಯಾವ ಡೊಮೇನ್‌ಗೆ ಎಷ್ಟು, ಎಷ್ಟು ಹೊತ್ತಿನಿಂದ ಎಂದು ನೋಡಿ. ಆ ಡೊಮೇನ್ ಸರಿಹೋಗಿದೆ ಎಂದು ಖಚಿತವಾದ ಮೇಲೆ 'ಪೋಸ್ಟ್‌ಕ್ಯೂ' ಆದೇಶಕ್ಕೆ ಎಸ್ ಆಯ್ಕೆಯ ಜೊತೆ ಅದರ ಹೆಸರು ಕೊಟ್ಟು ಅಷ್ಟನ್ನೇ ತಳ್ಳಿ; ಆ ಹೆಸರು 'ಫಾಸ್ಟ್ ಫ್ಲಶ್ ಡೊಮೇನ್ಸ್' ಪಟ್ಟಿಯಲ್ಲಿದ್ದರಷ್ಟೇ ಇದು ನಡೆಯುತ್ತದೆ. ಎಫ್ ಆಯ್ಕೆ ಇಡೀ ಕ್ಯೂವನ್ನು ಎಬ್ಬಿಸುತ್ತದೆ. ಅದನ್ನು ಕ್ರಾನ್‌ನಲ್ಲಿ (ಆದೇಶಗಳನ್ನು ನಿಗದಿತ ಹೊತ್ತಿಗೆ ತಾನೇ ಓಡಿಸುವ ವ್ಯವಸ್ಥೆ) ಹಾಕಿಟ್ಟರೆ ಸತ್ತ ಸರ್ವರ್‌ಗಳಿಗೆ ಕಾಯುವುದರಲ್ಲೇ ಕಳಿಸುವ ಸಾಲಿನ ಸ್ಥಳ ತುಂಬಿ, ಹೊಸ ಮೇಲೂ ತಡವಾಗುತ್ತದೆ.